ಲೆಸ್ಟರ್‌ಗೆ ಬರುತ್ತಿರುವ ಗದಗಿನ ತಮ್ಮನಿಗೆ

ತಮ್ಮಾ, ನೀನು ಬರೆದದ್ದು ಓದಿದೆ. "ಅಣ್ಣಾರ, ಮುಂದಿನ ತಿಂಗಳು ಹೆಂಡತಿ ಮಗನನ್ನು ಕರೆದುಕೊಂಡು ಗದಗಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬರುತ್ತಿದ್ದೇನೆ. ತಿಂಗಳ ಸಂತಿಗೆ ಎಷ್ಟು ಬೇಕು? ಯಾವ ಅಂಗಡಿ ಸೋವಿ? ಊರಿಂದ ಏನೇನು ತರಲಿ?" ಎಂದು ಕೇಳಿದ್ದೀಯ.

ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಎರಡನೇ ದಿನ ಅಂಗಡಿಗೆ ಹೋದೆ. ಹೂಕೋಸು ಕೈಯಲ್ಲಿ ಹಿಡಿದು, ಅದರ ಬೆಲೆಯನ್ನು ಮನಸ್ಸಲ್ಲೇ 75ರಿಂದ ಗುಣಿಸಿದೆ. ಆಗ ಪೌಂಡಿಗೆ ಹೆಚ್ಚುಕಡಿಮೆ ಅಷ್ಟಿತ್ತು. ಅಷ್ಟು ದುಡ್ಡಿಗೆ ನಮ್ಮ ಹುಬ್ಬಳ್ಳಿಯ ದುರ್ಗದ ಬೈಲಿನ ಮಾರ್ಕೆಟ್ಟಿನಲ್ಲಿ ಅರ್ಧ ಚೀಲ ತರಕಾರಿ ಬರುತ್ತಿತ್ತು. ಹೂಕೋಸು ಅಲ್ಲೇ ಇಟ್ಟು ಬಂದೆ. ರಾತ್ರಿ ಊರಿಂದ ತಂದ ಅವಲಕ್ಕಿ ತಿಂದು ಮಲಗಿದೆ. ಈಗ ಪೌಂಡು 100 ರೂಪಾಯಿ ದಾಟಿದೆ. ನಿನಗೆ ಲೆಕ್ಕ ಇನ್ನೂ ಸುಲಭ, ಎದೆ ಇನ್ನೂ ಜಾಸ್ತಿ ಝಲ್ಲೆನ್ನುತ್ತದೆ.

ತಿಂಗಳಿಗೆ ಎಷ್ಟು ಬೇಕು ಎಂದು ಒಂದು ಅಂಕಿ ಹೇಳಲಾರೆ. ಒಬ್ಬೊಬ್ಬರ ಮನೆ ಒಂದೊಂದು ಥರ. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ನಡೆಯುತ್ತದೆ.

ಬೆಲೆಯ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ. ಇಲ್ಲಿ ಎಂಆರ್‌ಪಿ ಇಲ್ಲ. ನಮ್ಮಲ್ಲಿ ಪಾಕೀಟಿನ ಮೇಲೆ ಅಚ್ಚಾದ ಬೆಲೆಗಿಂತ ಜಾಸ್ತಿ ಕೇಳುವಂತಿಲ್ಲ ಅಲ್ವಾ? ಇಲ್ಲಿ ಅಂಗಡಿಯವರು ಇಟ್ಟದ್ದೇ ಬೆಲೆ. ಟೆಸ್ಕೊ ಎಂಬ ಕಂಪನಿಯ ಅಂಗಡಿಗಳೇ ಆದರೂ, ಮನೆ ಪಕ್ಕದ ಪುಟ್ಟ ಎಕ್ಸ್‌ಪ್ರೆಸ್ ಅಂಗಡಿಯಲ್ಲಿ ಎಷ್ಟೋ ಸಾಮಾನು ತುಟ್ಟಿ, ಊರಾಚೆಯ ದೊಡ್ಡ ಅಂಗಡಿಯಲ್ಲಿ ಕಡಿಮೆ. ಅದರಲ್ಲೂ ಎರಡು ಬೆಲೆ. ಕ್ಲಬ್‌ಕಾರ್ಡ್ ಎಂಬ ಅವರ ಸದಸ್ಯತ್ವದ ಕಾರ್ಡ್ ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು. ಕಾರ್ಡಿಗೆ ದುಡ್ಡು ಕೊಡಬೇಕಿಲ್ಲ. ಬಂದ ವಾರವೇ ಮಾಡಿಸಿಕೊ.

ಕಪಾಟಿನ ಅಂಚಿಗೆ ಬೆಲೆಯ ಚೀಟಿ ಇರುತ್ತದೆ. ದೊಡ್ಡ ಅಕ್ಷರದ ಬೆಲೆ ನೋಡಬೇಡ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋಗೆ ಎಷ್ಟು, ಅಥವಾ 100 ಗ್ರಾಮಿಗೆ ಎಷ್ಟು ಎಂದು ಬರೆದಿರುತ್ತಾರೆ. ಹೋಲಿಸಬೇಕಾದದ್ದು ಅದನ್ನು. ದೊಡ್ಡ ಪಾಕೀಟು ಸೋವಿ ಎಂದು ನಾವು ನಂಬಿರುತ್ತೇವೆ, ಯಾವಾಗಲೂ ಹಾಗಿರುವುದಿಲ್ಲ. ಒಂದು ಚೀಟಿ ಕಿಲೋ ಲೆಕ್ಕ, ಪಕ್ಕದ್ದು 100 ಗ್ರಾಮಿನ ಲೆಕ್ಕ ಇದ್ದರೆ ಅಲ್ಲಿ ಹುಷಾರು. ಜೀರಿಗೆ, ಅರಿಶಿನವನ್ನು ಮಸಾಲೆಯ ಸಾಲಿನ ಗಾಜಿನ ಶೀಶೆಗಳಲ್ಲಿ ಹುಡುಕಬೇಡ. ಅದೇ ಅಂಗಡಿಯಲ್ಲಿ ಹೊರದೇಶದ ಪದಾರ್ಥಗಳ ಸಾಲು ಬೇರೆ ಇರುತ್ತದೆ. ಅಲ್ಲಿ ದೊಡ್ಡ ಪಾಕೀಟು ಸಿಗುತ್ತದೆ, ಗ್ರಾಮಿನ ಲೆಕ್ಕದಲ್ಲಿ ಬಹಳ ಕಡಿಮೆ. ಇದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಹಾಲು, ತತ್ತಿ, ಬ್ರೆಡ್, ಉಳ್ಳಾಗಡ್ಡಿ, ಆಲೂಗಡ್ಡೆಗೆ ಆಲ್ಡಿ ಅಥವಾ ಲಿಡಲ್ ಎಂಬ ಸೋವಿ ಅಂಗಡಿ ಸಾಕು. ಸಂಜೆ ಹೊತ್ತು ಹಳದಿ ಚೀಟಿ ಹಚ್ಚಿ ಬೆಲೆ ಇಳಿಸುತ್ತಾರೆ. ಅದರ ಮೇಲೆ 'ಯೂಸ್ ಬೈ' ಎಂದಿದ್ದರೆ ಆ ದಿನ ದಾಟಿಸಬೇಡ. 'ಬೆಸ್ಟ್ ಬಿಫೋರ್' ಎಂದಿದ್ದರೆ ಆ ದಿನ ದಾಟಿದರೂ ಕೆಟ್ಟಿತು ಎಂದಲ್ಲ.

ಬೇಳೆ, ಅಕ್ಕಿ, ಹಿಟ್ಟಿಗೆ ಬೆಲ್‌ಗ್ರೇವ್ ರೋಡ್. 1972ರಲ್ಲಿ ಉಗಾಂಡಾ ಬಿಡಬೇಕಾಗಿ ಬಂದ ಎಷ್ಟೋ ಗುಜರಾತಿ ಕುಟುಂಬಗಳು ಲೆಸ್ಟರ್‌ಗೆ ಬಂದು ನೆಲೆಸಿದವು. ಆ ರಸ್ತೆ ಬೆಳೆದದ್ದು ಅವರಂಥವರ ದುಡಿಮೆಯಿಂದ. ಜೋಳದ ಹಿಟ್ಟು ಬೇಕಾದರೆ ಜುವಾರ್ ಎಂದು ಕೇಳು. ಆದರೆ ಚೌಕಾಸಿ ನಡೆಯುವುದಿಲ್ಲ, ಕೊಸರು ಇಲ್ಲ. ಕಾಯಿಪಲ್ಯ ಕಟ್ಟಿದ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕಿ "ಒಯ್ಯಿರಿ" ಎನ್ನುವ ಕೈ ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಮಾತು. ಇದನ್ನು ನೀನು ಕೇಳಿಲ್ಲ.

ನಾನು ಬೆಲೆ ಬರೆದಿಡಲು ಒಂದು ನೋಟ್‌ಬುಕ್ ಮಾಡಿದ್ದೆ. ನಾಲ್ಕು ಅಂಗಡಿ, ನಾಲ್ಕು ಸಾಲು. ಪ್ರತಿ ಶನಿವಾರ ನಾಲ್ಕೂ ಕಡೆ ಹೋಗುತ್ತಿದ್ದೆ. ವಾರದ ಕೊನೆಗೆ ಎಷ್ಟು ಉಳಿಯಿತು ಎಂದು ಕೂಡಿಸಿ ಬರೆಯುತ್ತಿದ್ದೆ. 2011ರ ಮಾರ್ಚ್‌ನಲ್ಲಿ ಹೆಂಡತಿಗೆ ಐದು ತಿಂಗಳು. ಬೆಲ್‌ಗ್ರೇವ್ ರೋಡಿನ ಒಂದು ಅಂಗಡಿಯಲ್ಲಿ ಹಸಿ ಮಾವಿನಕಾಯಿ ಕಂಡಳು. ಎರಡು ಕೈಗೆ ತಗೊಂಡು ಮೂಸಿ ನೋಡಿದಳು. "ಉಪ್ಪು ಖಾರ ಹಚ್ಚಿ ತಿನ್ನಬೇಕು ಅನಿಸಿದೆ" ಎಂದಳು. ನಾನು ಬೆಲೆ ನೋಡಿದೆ, ರೂಪಾಯಿಗೆ ಗುಣಿಸಿದೆ. ನಮ್ಮ ಹಿತ್ತಲಲ್ಲಿ ಉದುರಿ ಬೀಳುತ್ತಿದ್ದ ಕಾಯಿ ಕಣ್ಣಮುಂದೆ ಬಂತು. "ಮುಂದಿನ ವಾರ ಇನ್ನೊಂದು ಅಂಗಡಿಯಲ್ಲಿ ನೋಡೋಣ" ಎಂದೆ. ಅವಳು ಮಾತಾಡದೆ ಅಂಗಡಿಯವರ ಬುಟ್ಟಿಗೇ ತಿರುಗಿ ಹಾಕಿದಳು. ಮುಂದಿನ ವಾರ ಹೋದಾಗ ಎಲ್ಲೂ ಇರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಬಯಕೆ ಎಂದರೆ ಏನು ಎಂದು ನಿನಗೆ ಹೇಳಬೇಕಿಲ್ಲ. ಊರಲ್ಲಿದ್ದಿದ್ದರೆ ಕುಬಸ ಮಾಡಿ, ಉಡಿ ತುಂಬಿ, ಬೇಡಿದ್ದನ್ನು ಓಣಿಯವರೇ ತಂದುಕೊಡುತ್ತಿದ್ದರು. ಅವಳ ಅವ್ವನಿಗೆ ಬರಲು ಆಗಲಿಲ್ಲ. ಇಲ್ಲಿ ಓಣಿಯೂ ನಾನೇ, ತವರೂ ನಾನೇ ಆಗಬೇಕಿತ್ತು. ಆ ನೋಟ್‌ಬುಕ್ ಈಗಲೂ ಇದೆ. ಆ ವಾರದ ಪುಟದಲ್ಲಿ ಉಳಿದದ್ದು 1 ಪೌಂಡ್ 80 ಪೆನ್ಸ್. ಆಮೇಲೆ ಎಷ್ಟೋ ಸಲ ಮಾವಿನಕಾಯಿ ತಂದಿದ್ದೇನೆ, ಅವಳು ಖುಷಿಯಿಂದ ತಿಂದಿದ್ದಾಳೆ. ಆ ಐದನೇ ತಿಂಗಳು ತಿರುಗಿ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ. ಮೊದಲ ಪಗಾರ ಬಂದ ದಿನದಿಂದ ರೂಪಾಯಿಗೆ ಗುಣಿಸುವುದನ್ನು ಬಿಡು. ನಿತ್ಯ ಬೇಕಾಗುವ ಹತ್ತು ಹನ್ನೆರಡು ಸಾಮಾನಿನ ಬೆಲೆ ಮಾತ್ರ ನೆನಪಿಡು. ವಾರಕ್ಕೆ ಎರಡು ಅಂಗಡಿ ಸಾಕು, ಮೂರನೆಯದರ ಉಳಿತಾಯ ಬಸ್ಸಿಗೇ ಹೋಗುತ್ತದೆ. ಮೊದಲ ಸಂತಿಗೆ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗು. ಅವಳು ಕೈಗೆ ತಗೊಂಡದ್ದರ ಚೀಟಿ ಆ ದಿನ ನೋಡಬೇಡ.

ಭಾನುವಾರ ದೊಡ್ಡ ಅಂಗಡಿಗಳು ಆರು ತಾಸು ಮಾತ್ರ ತೆರೆದಿರುತ್ತವೆ, ಶನಿವಾರವೇ ಮುಗಿಸಿಕೊ. ಚೀಲಕ್ಕೆ ಬೇರೆ ದುಡ್ಡು, ಊರಿಂದ ನಾಲ್ಕು ಗಟ್ಟಿ ಕೈಚೀಲ ತಗೊಂಡು ಬಾ. ಬ್ಯಾಡಗಿ ಮೆಣಸಿನಕಾಯಿಯ ಮಸಾಲಿ ಖಾರ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಗೊಂಡು ಬಾ. ಅವ್ವನ ಕೈಯದ್ದಾದರೆ ಇನ್ನೂ ಒಳ್ಳೆಯದು. ಅಕ್ಕಿ ಬೇಳೆ ಬೇಡ, ಸುಮ್ನೆ ಭಾರ. ಧಾರವಾಡ ಪೇಢೆ ಮಾತ್ರ ತರಬೇಡ. ಭಾರತದಿಂದ ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ. ಹೊರಡುವ ಮೊದಲು ಊರಲ್ಲೇ ತಿಂದು ಬಾ. ನನ್ನ ಪಾಲಿನದೂ ಒಂದು ತಿನ್ನು.