ಎಸ್‌ಇಸಿ ಯಾಕೆ ಜೈಲಿಗೆ ಹಾಕಿಸಲ್ಲ?

ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೇಸ್ ಹಾಕಿದರೂ ಆರೋಪಿ ಬರೀ ದಂಡ ಕಟ್ಟಿ ಹೊರಗೇ ಇರುತ್ತಾನಲ್ಲ, ಯಾಕೆ ಅಂತ ಕೇಳಿದ್ದೀರಿ. ಜೈಲಿಗೆ ಕಳಿಸುವ ಕೇಸ್ ಹಾಕುವ ಅಧಿಕಾರವೇ ಅದಕ್ಕಿಲ್ಲ. ಅದರ ವಕೀಲರು ಹಾಕುವುದು ಸಿವಿಲ್ ದಾವೆ. ಕ್ರಿಮಿನಲ್ ಕೇಸ್ ನ್ಯಾಯ ಇಲಾಖೆಯ ಪ್ರಾಸಿಕ್ಯೂಟರ್‌ಗಳ ಕೈಯಲ್ಲಿದೆ.

ಕಂಪನಿಗಳ ಒಳಗಿನ ಗುಟ್ಟು ಮಾಹಿತಿ ಬಳಸಿ ಷೇರು ವ್ಯವಹಾರ ಮಾಡಿದ ಹೂಡಿಕೆ ನಿಧಿ ಮಾಲೀಕ ರಾಜ್ ರಾಜರತ್ನಂ ಪ್ರಕರಣ ನೋಡಿ. 2009ರ ಅಕ್ಟೋಬರ್ 16ರಂದು ಬಂಧನವೂ ಆಯಿತು, ಎಸ್‌ಇಸಿ ದಾವೆಯೂ ಬಿತ್ತು. ಎರಡೂ ಒಂದೇ ದಿನ! ಮಜಾ ಇರುವುದು ಫೋನ್ ಕದ್ದಾಲಿಕೆಯಲ್ಲಿ. ಕದ್ದಾಲಿಸುವ ಅಧಿಕಾರ ಎಸ್‌ಇಸಿಗೆ ಇಲ್ಲ. ಅವನ ಫೋನ್ ಮಾತುಕತೆಯ ರೆಕಾರ್ಡಿಂಗ್ ಇದ್ದದ್ದು ಪ್ರಾಸಿಕ್ಯೂಟರ್‌ಗಳ ಹತ್ತಿರ. ಕ್ರಿಮಿನಲ್ ಕೇಸಲ್ಲಿ ತನ್ನ ಪರ ವಾದಿಸಿಕೊಳ್ಳಲಿ ಅಂತ ಅವರು ಅದರ ಪ್ರತಿಯನ್ನು ಆರೋಪಿಗೆ ಕೊಟ್ಟಿದ್ದರು. ಎಸ್‌ಇಸಿ ಹೋಗಿ ಆರೋಪಿಯನ್ನೇ ಕೇಳಿತು, 'ನಿನ್ನ ಪ್ರತಿ ಕೊಡು' ಅಂತ! ಕೆಳಗಿನ ಕೋರ್ಟ್ ಕೊಡಲು ಹೇಳಿತು. 2010ರಲ್ಲಿ ಮೇಲ್ಮನವಿ ಕೋರ್ಟ್ ಆ ಆದೇಶ ರದ್ದು ಮಾಡಿತು: ಕದ್ದಾಲಿಕೆ ಕಾನೂನುಬದ್ಧವೋ ಇಲ್ಲವೋ ಮೊದಲು ತೀರ್ಮಾನವಾಗಲಿ ಅಂತ. ಒಂದೇ ಸರ್ಕಾರ, ಆದರೂ ಇಷ್ಟು ಸುತ್ತಾಟ.

ಕೊನೆಗೆ 2011ರಲ್ಲಿ ಕ್ರಿಮಿನಲ್ ಕೇಸಲ್ಲಿ 11 ವರ್ಷ ಜೈಲು, ಎಸ್‌ಇಸಿ ಕೇಸಲ್ಲಿ 9.28 ಕೋಟಿ ಡಾಲರ್ ದಂಡ.

ಇನ್ನೊಂದು ವಿಷಯ. ಸುಪ್ರೀಂ ಕೋರ್ಟ್‌ವರೆಗೆ ಹೋದರೆ ಸಿವಿಲ್ ಕೇಸಲ್ಲೂ ಎಸ್‌ಇಸಿ ಪರ ವಾದ ನೋಡಿಕೊಳ್ಳುವುದು ನ್ಯಾಯ ಇಲಾಖೆಯ ಸಾಲಿಸಿಟರ್ ಜನರಲ್ ಕಚೇರಿ.