ನಮ್ಮ ಇಸ್ವಣ ಕದ್ದದ್ದು ಗ್ರೇಟ್ ವೈಟ್ ಶಾರ್ಕಾ?

ಪ್ರಶ್ನೆ: ನಾವು ಹಾವೇರಿ ಕಡೆಯವರು. ಗೋವಾದ ವಾಸ್ಕೋಗೆ ಬಂದು ಹದಿನೈದು ವರ್ಷವಾಯಿತು. ಹೋದ ಭಾನುವಾರ ಗೆಳೆಯರ ಜೊತೆ ಗ್ರಾಂಡೆ ದ್ವೀಪದಾಚೆ ಗಾಳ ಹಾಕಲು ಹೋಗಿದ್ದೆ. ನಮ್ಮ ಬೋಟಿಗಿಂತ ಉದ್ದದ ಶಾರ್ಕ್ ಒಂದು ಪಕ್ಕದಲ್ಲೇ ನಿಧಾನವಾಗಿ ಹೋಯಿತು. ಬೆನ್ನ ತುಂಬ ಬಿಳಿ ಚುಕ್ಕೆ. ಸ್ವಲ್ಪ ಹೊತ್ತಿಗೆ ಗಾಳಕ್ಕೆ ಇಸ್ವಣ (ಅಂಜಲ್ ಮೀನು) ಬಿತ್ತು. ಎಳೆದರೆ ಬರೀ ತಲೆ! ಗೆಳೆಯ ‘ಗ್ರೇಟ್ ವೈಟೇ’ ಅಂತಾನೆ. ಮನೆಯವಳು ಇನ್ನು ಸಮುದ್ರದ ಕಡೆ ತಲೆ ಹಾಕಬೇಡಿ ಅಂತಿದ್ದಾಳೆ. ಏನು ಮಾಡಲಿ ಸರ್? – ಓದುಗರು, ವಾಸ್ಕೋ

ಉತ್ತರ: ಮೊದಲು ಮನೆಯವರಿಗೆ ಧೈರ್ಯ ಹೇಳಿ. ಅದು ಗ್ರೇಟ್ ವೈಟ್ ಅಲ್ಲ. ನೀವು ಎರಡು ಕೇಸನ್ನು ಒಬ್ಬನ ಮೇಲೆ ಹಾಕಿದ್ದೀರಿ. ಬೋಟಿನ ಪಕ್ಕ ಹೋದದ್ದು ಒಂದು, ಇಸ್ವಣ ತಿಂದದ್ದು ಇನ್ನೊಂದು.

ಬೋಟಿಗಿಂತ ಉದ್ದ, ಬೆನ್ನ ಮೇಲೆ ಚುಕ್ಕೆ, ಅವಸರವಿಲ್ಲದ ನಡಿಗೆ. ಇಷ್ಟು ಹೇಳಿದ ಮೇಲೆ ಅನುಮಾನವೇ ಬೇಡ, ಅದು ತಿಮಿಂಗಿಲ ಶಾರ್ಕ್. ಜಗತ್ತಿನಲ್ಲೇ ಅತಿ ದೊಡ್ಡ ಮೀನು. ಹತ್ತು ಹನ್ನೆರಡು ಮೀಟರ್ ಬೆಳೆಯುತ್ತದೆ, ಆದರೆ ತಿನ್ನುವುದು ನೀರಲ್ಲಿ ತೇಲುವ ಸಣ್ಣಪುಟ್ಟ ಜೀವಿ, ಮೊಟ್ಟೆ, ಸಣ್ಣ ಮೀನು. ಬಾಯಿ ತೆರೆದು ನೀರು ಸೋಸುತ್ತಾ ಹೋಗುತ್ತದೆ, ಅಷ್ಟೇ. ಗುಜರಾತಿನ ಕರಾವಳಿಯಲ್ಲಿ ಒಂದು ಕಾಲಕ್ಕೆ ಇದನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಜಾಸ್ತಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಆಮೇಲೆ 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅಲ್ಲಿನ ಮೀನುಗಾರರಿಗೆ, ಇದು ಹೆರಿಗೆಗೆ ತವರಿಗೆ ಬಂದ ಮಗಳಿದ್ದಂತೆ ಎಂದರು. ಕಾನೂನಿಗಿಂತ ಆ ಮಾತೇ ಹೆಚ್ಚು ನಾಟಿತೋ ಏನೋ. ಬಲೆಗೆ ಸಿಕ್ಕ ನೂರಾರು ಶಾರ್ಕುಗಳನ್ನು ಅಲ್ಲಿನವರು ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಮುಂದಿನ ಸಲ ಕಂಡರೆ ಎಂಜಿನ್ ನಿಧಾನ ಮಾಡಿ, ದೂರದಿಂದ ನೋಡಿ. ಕಣ್ಣಿಗೆ ಹಬ್ಬ.

ಗ್ರೇಟ್ ವೈಟ್ ಬೇರೆ ಥರ. ಹೆಸರಲ್ಲಿ ಬಿಳಿ ಇದೆ ನಿಜ, ಆದರೆ ಬಿಳಿ ಇರುವುದು ಹೊಟ್ಟೆ. ಬೋಟಿನಿಂದ ನಮಗೆ ಕಾಣುವ ಬೆನ್ನು ಬೂದು. ಚುಕ್ಕೆ ಇಲ್ಲ, ಮೂತಿ ಚೂಪು. ಹೆಚ್ಚಾಗಿ 12ರಿಂದ 24 ಡಿಗ್ರಿಯ ತಂಪು ನೀರಿನಲ್ಲಿ ಇರುತ್ತದೆ: ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ. ನಮ್ಮ ಗೋವಾದ ನೀರು ಅದಕ್ಕೆ ಬಿಸಿನೀರ ಸ್ನಾನ. ಹಾಗಂತ ಅದು ಮನೆ ಬಿಟ್ಟು ಕದಲದ ಪ್ರಾಣಿಯೂ ಅಲ್ಲ. ನಿಕೋಲ್ ಎಂದು ಹೆಸರಿಟ್ಟ ಹೆಣ್ಣು ಶಾರ್ಕ್ ಒಂದಕ್ಕೆ 2003ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟ್ಯಾಗ್ ಕಟ್ಟಿದ್ದರು. ಅದು ಹಿಂದೂ ಮಹಾಸಾಗರ ದಾಟಿ ಆಸ್ಟ್ರೇಲಿಯಾ ಮುಟ್ಟಿ, ಒಂಬತ್ತು ತಿಂಗಳೊಳಗೆ ವಾಪಸ್ ಬಂತು. ಒಟ್ಟು 20,000 ಕಿಲೋಮೀಟರಿಗೂ ಜಾಸ್ತಿ. ಹಾಗಾಗಿ ‘ಇಲ್ಲಿಗೆ ಬರುವುದೇ ಇಲ್ಲ’ ಅಂತ ನಾನು ಬರೆದುಕೊಡಲ್ಲ. ನಿಮ್ಮದು ಮಾತ್ರ ಅದಲ್ಲ.

ಇನ್ನು ಇಸ್ವಣದ ಕಳ್ಳ. ಇದು ಇಲ್ಲಿಯ ಮೋರಿಗಳ, ಅಂದರೆ ಶಾರ್ಕುಗಳ, ಹಳೆಯ ಕಸುಬು. ಬ್ಲ್ಯಾಕ್‌ಟಿಪ್ ಇರಬಹುದು, ಬುಲ್ ಶಾರ್ಕ್ ಇರಬಹುದು; ಬುಲ್ ಶಾರ್ಕ್ ಅಳಿವೆಯೊಳಗೂ ನುಗ್ಗುತ್ತದೆ. ಚೂಪು ಹಲ್ಲಿನ ಬರಾಕುಡಾ ಮೀನು ಕೂಡ ಇಂಥ ಕೆಲಸಕ್ಕೆ ಹಿಂದೆ ಬೀಳಲ್ಲ. ಗಾಳಕ್ಕೆ ಬಿದ್ದ ಮೀನು ಒದ್ದಾಡುತ್ತದೆ, ಆ ಅಲುಗಾಟ ಶಾರ್ಕಿಗೆ ದೂರದಿಂದಲೇ ತಿಳಿಯುತ್ತದೆ. ಹತ್ತಿರ ಬಂದ ಮೇಲೆ ಮೂತಿಯಲ್ಲಿರುವ ಸಣ್ಣ ರಂಧ್ರಗಳಿಂದ ಮೀನಿನ ಮೈಯ ವಿದ್ಯುತ್ತನ್ನೂ ಗುರುತಿಸುತ್ತದೆ. ಓಡಲಾಗದ ಊಟ ಎದುರಿಗಿದ್ದರೆ ಯಾರು ಬಿಡುತ್ತಾರೆ? ನಿಮ್ಮ ಮೇಲೆ ಅದಕ್ಕೇನೂ ಸಿಟ್ಟಿಲ್ಲ.

ಎರಡು ಸಲ ಬರೀ ತಲೆ ಬಂದರೆ ಹಠ ಮಾಡದೆ ಜಾಗ ಬದಲಿಸಿ, ಒಂದೆರಡು ಕಿಲೋಮೀಟರಾದರೂ. ಅಲ್ಲೇ ಕೂತರೆ ಅವಕ್ಕೆ ಅನ್ನಸಂತರ್ಪಣೆ ಮಾಡಿದಂತೆ. ಮೀನು ಕೊಯ್ದ ರಕ್ತ, ಕರುಳು ಅಲ್ಲೇ ನೀರಿಗೆ ಚೆಲ್ಲಬೇಡಿ. ಸಿಕ್ಕ ಮೀನನ್ನು ಚೀಲದಲ್ಲಿ ಬೋಟಿನ ಬದಿಗೆ ನೇತು ಹಾಕಬೇಡಿ. ಮೀನು ಮೇಲೆ ಬಂದಾಗ ಬಗ್ಗಿ ಕೈ ಹಾಕುವ ಅಭ್ಯಾಸ ನಮ್ಮಲ್ಲಿ ಸುಮಾರು ಜನಕ್ಕಿದೆ. ಅದನ್ನು ಬಿಟ್ಟರೇ ಒಳ್ಳೆಯದು. ಅಂದ ಹಾಗೆ, ಆ ತಲೆ ಎಸೆದಿಲ್ಲ ತಾನೆ? ಸಾರಿಗೆ ಅದೇ ರುಚಿ.

ಪ್ರಶ್ನೆ: ಮಗ ಕೇಪ್‌ಟೌನಿನಲ್ಲಿದ್ದಾನೆ. ನಾವು ಹೋದಾಗ ಬೋಟಿನಲ್ಲಿ ಮೀನು ಹಿಡಿಯಲು ಕರೆದೊಯ್ಯುತ್ತಾನಂತೆ. ಅಲ್ಲಿ ನಿಜವಾದ ಗ್ರೇಟ್ ವೈಟ್ ಇದೆಯಲ್ವಾ? ಬೋಟಿಗೆ ಹಾರಿದ ಕಥೆ ಕೇಳಿದ್ದೇನೆ. – ಓದುಗರು, ಪುಣೆ

ಉತ್ತರ: ಕಥೆ ಸುಳ್ಳಲ್ಲ. 2011ರಲ್ಲಿ ದಕ್ಷಿಣ ಆಫ್ರಿಕಾದ ಮಾಸೆಲ್ ಬೇಯಲ್ಲಿ ಸುಮಾರು ಮೂರು ಮೀಟರಿನ ಶಾರ್ಕ್ ಸಂಶೋಧಕರ ಬೋಟಿನೊಳಗೆ ಬಿದ್ದಿತ್ತು. 2017ರಲ್ಲಿ ಆಸ್ಟ್ರೇಲಿಯಾದ ಒಬ್ಬ ಹಿರಿಯ ಮೀನುಗಾರರ ಪುಟ್ಟ ದೋಣಿಗೂ ಹಾರಿತ್ತು. ಇಂಥದ್ದು ಸುದ್ದಿಯಾಗುವುದೇ ಅಪರೂಪ ಅನ್ನುವ ಕಾರಣಕ್ಕೆ.

ಕೇಪ್‌ಟೌನಿನ ಫಾಲ್ಸ್ ಬೇಯಲ್ಲಿ ಈಗ ಗ್ರೇಟ್ ವೈಟ್ ಕಾಣುವುದೇ ಕಮ್ಮಿಯಾಗಿದೆ. ಓರ್ಕಾಗಳು (ಕಿಲ್ಲರ್ ವೇಲ್) ಇವನ್ನು ಕೊಂದು ಲಿವರ್ ಮಾತ್ರ ತಿಂದು ಬಿಡುತ್ತವೆ. 2017ರಲ್ಲಿ ಗಾನ್ಸ್‌ಬಾಯ್ ಊರಿನ ದಡಕ್ಕೆ ಅಂಥ ಹೆಣಗಳು ಬಂದು ಬಿದ್ದಿದ್ದವು. ಹೆದರಿಸುವವನಿಗೂ ಹೆದರಿಸುವವನಿದ್ದಾನೆ ನೋಡಿ.

ಆದರೂ ಗಾಳಕ್ಕೆ ಬಿದ್ದರೆ ದಾರ ಕತ್ತರಿಸಿ ಬಿಡಲೇಬೇಕು. ದಕ್ಷಿಣ ಆಫ್ರಿಕಾ 1991ರಿಂದಲೇ ಗ್ರೇಟ್ ವೈಟನ್ನು ರಕ್ಷಿಸಿದೆ, ಹಿಡಿಯುವುದು ಅಪರಾಧ. ಫೋಟೋಗೋಸ್ಕರ ಬೋಟಿಗೆ ಎಳೆಯಲು ಹೋಗಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ವಾಂತಿ ಮಾತ್ರೆ ಹೊರಡುವ ಮೊದಲೇ ತೆಗೆದುಕೊಳ್ಳಿ. ಆ ಕಡೆಯ ಅಲೆ ಗೋವಾದ ಅಲೆಯ ಹಾಗಲ್ಲ, ಶಾರ್ಕಿಗಿಂತ ಮೊದಲು ನಿಮ್ಮನ್ನು ಮಲಗಿಸುವುದು ಅದೇ.