ಆಲೆಮನೆ ಸಿನಿಮಾ ಹಿಡಿದು ಟೊರಾಂಟೊಗೆ ಬರುವ ಮುಂಚೆ

ತಮ್ಮ, ಮಂಡ್ಯದಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದೀಯ, ಕೆನಡಾ ಪಿಆರ್ (ಅಲ್ಲಿ ಕಾಯಂ ಇರುವ ಪರವಾನಗಿ) ಬಂದಿದೆ, ನಮ್ಮ ಕಡೆ ಆಲೆಮನೆ ಬಗ್ಗೆ ಡಾಕ್ಯುಮೆಂಟರಿ ಮಾಡಿ ಇಲ್ಲಿ ತೋರಿಸಿದರೆ ಜೀವನ ನಡೆಯುತ್ತಾ ಅಂತ ಕೇಳಿದ್ದೀಯ. ಶುರುವಿನ ವರ್ಷಗಳಲ್ಲಿ ಅದೊಂದನ್ನೇ ನಂಬಿದರೆ ಮನೆ ಬಾಡಿಗೆ ಹುಟ್ಟಲ್ಲ; ಜೊತೆಗೆ ಎಡಿಟಿಂಗ್ ಕೆಲಸ ಹಿಡಿ. ಕಲಾವಿದರಿಗೆ ಸರ್ಕಾರದ ದುಡ್ಡು ಹಂಚುವ ಕೆನಡಾ ಕೌನ್ಸಿಲ್ ಫಾರ್ ದಿ ಆರ್ಟ್ಸ್ ಅನುದಾನಕ್ಕೆ ಪಿಆರ್ ಇದ್ದವರೂ ಅರ್ಜಿ ಹಾಕಬಹುದು. ಆದರೆ ಮೊದಲು ಕಲಾವಿದ ಅಂತ ನಿನ್ನ ಪ್ರೊಫೈಲ್ ಒಪ್ಪಿಗೆಯಾಗಬೇಕು, ಕೊನೆ ವಾರಕ್ಕೆ ಬಿಟ್ಟರೆ ಕೆಟ್ಟೆ.

ಊರಿನ ಶೂಟಿಂಗ್ ಹೊರಡುವ ಮುಂಚೆಯೇ ಮುಗಿಸು. ಎರಡೂ ದೇಶದಲ್ಲಿ ಸೆಕೆಂಡಿಗೆ 24 ಫ್ರೇಮ್ ಇಟ್ಟುಕೋ, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಅದನ್ನ ಮಾತ್ರ ಬದಲಾಯಿಸು. ನಮ್ಮೂರ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಕೆಳಗೆ 1/50 ಸೆಕೆಂಡ್. ಇಲ್ಲಿ 60 ಹರ್ಟ್ಜ್, ಅದಕ್ಕೆ 1/60. ಮರೆತರೆ ಬೆಳಕು ಅದುರುತ್ತೆ, ಎಡಿಟಿಂಗ್‌ನಲ್ಲಿ ಪೂರ್ತಿ ಸರಿಹೋಗಲ್ಲ. ಗಾಣ ಓಡುವಾಗ ಯಾರನ್ನೂ ಮಾತಾಡಿಸಬೇಡ. ಗಾಣದ ಸದ್ದನ್ನ ಎರಡು ನಿಮಿಷ ಬೇರೆಯಾಗೇ ರೆಕಾರ್ಡ್ ಮಾಡಿಟ್ಟು, ಅದು ನಿಂತು ಕೊಪ್ಪರಿಗೆ ಕುದಿಯುವಾಗ ಕಾಲರ್ ಮೈಕ್ ಹಾಕಿ ಕೂರಿಸು. ಆವಿ ಲೆನ್ಸ್ ಮೇಲೆ ಕೂರುತ್ತೆ, ಒಣ ಬಟ್ಟೆ ಜೇಬಲ್ಲಿರಲಿ.

ಸಬ್‌ಟೈಟಲ್ ಎರಡೇ ಸಾಲು, ಸಾಲಿಗೆ 42 ಇಂಗ್ಲಿಷ್ ಅಕ್ಷರದೊಳಗೆ. ‘ಪಾಕ ಹದಕ್ಕೆ ಬಂತು’ ಅಂತಾರಲ್ಲ, ಆ ‘ಹದ’ಕ್ಕೆ ಇಂಗ್ಲಿಷ್ ಪದ ಹುಡುಕಿ ಒದ್ದಾಡಬೇಡ. ಪಾಕದ ತೊಟ್ಟನ್ನ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಶಾಟನ್ನ ಹತ್ತು ಸೆಕೆಂಡ್ ಕತ್ತರಿಸದೆ ಬಿಡು. ಇಲ್ಲಿಯವರಿಗೆ ಅದು ಹೊಸದೇನಲ್ಲ: ಚಳಿ ಇಳಿಯುವ ಹೊತ್ತಿಗೆ ಮೇಪಲ್ ಮರದ ರಸ ಕುದಿಸ್ತಾರೆ, ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಪಾಕ. ನಿನ್ನ ಮೊದಲ ಪ್ರದರ್ಶನ ಅಂಥವರ ಊರಲ್ಲೇ ಆಗಲಿ, ಆಮೇಲೆ ಅವರನ್ನೂ ಶೂಟ್ ಮಾಡು.

ಅದಕ್ಕೂ ಮೊದಲು ಸಿನಿಮಾ ನೋಡಬೇಕಾದವರು ಆಲೆಮನೆಯವರು. 1967ರಲ್ಲಿ ಕೆನಡಾ ಸರ್ಕಾರದ ಚಿತ್ರಸಂಸ್ಥೆ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ನಿರ್ದೇಶಕ ಕಾಲಿನ್ ಲೋ ಇಲ್ಲಿನ ಫೋಗೋ ದ್ವೀಪದ ಜನರನ್ನ ಚಿತ್ರಿಸಿ, ಅವರಿಗೇ ಮೊದಲು ತೋರಿಸಿದರು. ಅದಕ್ಕೇ ಜನ ಬಾಯಿಬಿಟ್ಟು ಮಾತಾಡಿದ್ದು. ನೀನೂ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಆದಮೇಲೆ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸು. ಸಾಲದ ವಿಷಯ ಆಡಿದವರು ಬೇಡ ಅಂದರೆ ತೆಗೆದುಬಿಡು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ ಸಹಿ ಹಾಕಿಸು. ವಿದೇಶದಲ್ಲೂ ತೋರಿಸ್ತೀವಿ ಅನ್ನೋ ಸಾಲು ಅದರಲ್ಲಿ ಇರಲೇಬೇಕು.

ಮುಂದೆ ಊರಿಗೆ ಬರುವಾಗ ಡ್ರೋನ್ ತರಬೇಡ, 2022ರ ಫೆಬ್ರವರಿಯಿಂದ ಅದರ ಆಮದಿಗೆ ನಿಷೇಧ ಇದೆ. ಕೆನಡಾ ಪೌರತ್ವ ತಗೊಂಡರೆ ಭಾರತದ ಪಾಸ್‌ಪೋರ್ಟ್ ಹೋಗುತ್ತೆ. ಆಮೇಲೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಪತ್ರಿಕೋದ್ಯಮದ ಕೆಲಸಕ್ಕೆ ಮೊದಲೇ ಅನುಮತಿ ಬೇಕು, ಕ್ಯಾಮೆರಾ ಹಿಡಿಯುವ ಮುಂಚೆ ಭಾರತದ ರಾಯಭಾರ ಕಚೇರಿಯಲ್ಲಿ ಕೇಳು. ಮಂಡ್ಯದಲ್ಲಿ ಮಾಡಬೇಕಾದ್ದನ್ನ ಆ ದಿನಕ್ಕೆ ಬಾಕಿ ಇಡಬೇಡ.